ತಗಡಿನ ಬಿಸಿಗೆ ಬೆಳ್ಳಿ ಹಾಳೆ: ಹಚ್ಚುವ ಮುನ್ನ ಹಂಚಿನ ಮುಂದೆ ಕೈ ಹಿಡಿದು ನೋಡಿ

ಜೋಳದ ರೊಟ್ಟಿ ಸುಟ್ಟು ಮುಗಿದ ಮೇಲೆ, ಒಲೆಯಿಂದ ಇಳಿಸಿದ ಹಂಚನ್ನು ಇಕ್ಕಳದಲ್ಲಿ ಹಿಡಿದು ಗೋಡೆಗೆ ಒರಗಿಸಿ ನಿಲ್ಲಿಸಿ. ಅದರ ಮುಂದೆ ಚೋಟುದ್ದ ದೂರದಲ್ಲಿ ಅಂಗೈ ಹಿಡಿಯಿರಿ. ಮುಟ್ಟದೆಯೇ ಕೈ ಚುರುಗುಟ್ಟುತ್ತದೆ. ಹೋಟೆಲಿನವರು ಪಾರ್ಸೆಲ್ ಸುತ್ತಿಕೊಡುವ ಬೆಳ್ಳಿ ಬಣ್ಣದ ಹಾಳೆ ಇದೆಯಲ್ಲ, ಅದನ್ನು ಹಂಚಿಗೂ ಕೈಗೂ ತಾಗದಂತೆ ನಡುವೆ ಹಿಡಿಯಿರಿ. ಬಿಸಿ ಥಟ್ಟನೆ ಕಡಿದುಹೋಗುತ್ತದೆ. ತಲೆಗೂದಲಿಗಿಂತ ತೆಳುವಾದ ಹಾಳೆ ಅದು.

ಈಗ ಅದೇ ಹಾಳೆಯನ್ನು ಬಿಸಿ ಹಂಚಿನ ಮೇಲೆ ಹಾಸಿ, ಅದರ ಮೇಲೆ ಒಂದು ರೊಟ್ಟಿ ಹಾಕಿ. ರೊಟ್ಟಿ ಎಂದಿನಂತೆಯೇ ಬೇಯುತ್ತದೆ. ನಡುವೆ ಹಾಳೆ ಇದ್ದದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಹಂಚು ಅದೇ, ಹಾಳೆಯೂ ಅದೇ. ಮೊದಲ ಸಲ ಹಾಳೆಯ ಮುಂದೆ ಖಾಲಿ ಜಾಗ ಇತ್ತು, ಎರಡನೇ ಸಲ ಇರಲಿಲ್ಲ. ಚಾವಣಿಗೆ ಬೆಳ್ಳಿ ಹಾಳೆ ಹಚ್ಚಿಸಿ ದುಡ್ಡು ಕಳೆದುಕೊಂಡವರಿಗೂ, ಹಚ್ಚಿಸಿ ಬೇಸಿಗೆ ಗೆದ್ದವರಿಗೂ ಇರುವ ವ್ಯತ್ಯಾಸ ಇಷ್ಟೇ. ಕಳೆದುಕೊಂಡವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಹೊಲದಲ್ಲಿ ಕಟ್ಟಿಸಿದ ತಗಡಿನ ಕೋಣೆಗೆ ಹಾಳೆ ಹಚ್ಚಿ, ಅದು ಜೋತುಬೀಳಬಾರದೆಂದು ಕೆಳಗಿನಿಂದ ಪ್ಲೈವುಡ್ ಒತ್ತಿ ಬಿಗಿಸಿದ್ದೆ. ನೋಡಲು ಚೆಂದ ಇತ್ತು. ಹಂಚಿನ ಮೇಲೆ ಹಾಳೆ, ಹಾಳೆಯ ಮೇಲೆ ರೊಟ್ಟಿ ಇಟ್ಟಂತಾಗಿತ್ತು ಅಷ್ಟೆ.

ಮೇಲ್ಮುದ್ದೆಯಿಂದ ಪತ್ರಾಸಿಗೆ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿಯ ಎರಿ (ಕರಿ ಮಣ್ಣಿನ) ಭೂಮಿಯ ಊರುಗಳಲ್ಲಿ ಮನೆ ಎಂದರೆ ಮೇಲ್ಮುದ್ದೆ ಮನೆಯೇ ಆಗಿತ್ತು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಸುಮಾರು ಒಂದಡಿ ಮಣ್ಣು. ನಡುವೆ ಒಂದು ಬೆಳಕಿಂಡಿ. ಮುಂಗಾರಿಗೆ ಮುಂಚೆ ಮಾಳಿಗೆ ಹತ್ತಿ ಹೊಸ ಮಣ್ಣು ಹಾಕಿ ತುಳಿಯುವುದು ವರ್ಷದ ಕೆಲಸ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ನಡೆಯುವ ನಾಡಿಗೇರ ವಾಡೆಯೊಳಗೆ ಬೇಸಿಗೆಯ ಮಧ್ಯಾಹ್ನ ಕಾಲಿಟ್ಟವರಿಗೆ ದಪ್ಪ ಗೋಡೆಯ ತಂಪು ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಲಘಟಗಿ ಕಡೆ ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಹಾಗಾಗಿ ಇಳಿಜಾರು ಮಾಡು, ಹೊದಿಕೆಗೆ ಹಂಚು.

ಈಗ ಯಾವ ಊರಿಗೆ ಹೋದರೂ ಪತ್ರಾಸ್, ಅಂದರೆ ತಗಡಿನ ಚಾವಣಿ, ಕಾಣುತ್ತದೆ. ಜಂತಿಗೆ ಕಟ್ಟಿಗೆ ಸಿಗುವುದಿಲ್ಲ, ವರ್ಷಾವರ್ಷ ಮಾಳಿಗೆಗೆ ಮಣ್ಣು ಹೊರುವವರು ಮನೆಯಲ್ಲಿಲ್ಲ. 2019ರ ಆಗಸ್ಟ್ ಮಳೆಗೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ನೆನೆದು ಕುಸಿದ ಮಣ್ಣಿನ ಮನೆಗಳೆಷ್ಟೋ. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಕೆಲವರು ಸ್ಲ್ಯಾಬ್ ಹಾಕಿಸಿದರು, ಬಹಳ ಮಂದಿ ಇದ್ದ ಗೋಡೆಯ ಮೇಲೆಯೇ ಪೈಪು ನಿಲ್ಲಿಸಿ ತಗಡು ಹೊದಿಸಿದರು. ಸೋರುವುದು ನಿಂತಿತು. ಏಪ್ರಿಲ್ ಬಂತು.

‘ಮಧ್ಯಾಹ್ನ ಮನ್ಯಾಗ ಕುಂದ್ರಾಕ ಆಗಂಗಿಲ್ರೀ. ತಲಿ ಮ್ಯಾಲ ಯಾರೋ ಹಂಚ್ ಹಿಡದಂಗ ಆಕ್ಕೈತಿ,’ ಎಂದು ಅಣ್ಣಿಗೇರಿ ಹತ್ತಿರದ ಊರಿನ ಹಿರಿಯ ಹೆಣ್ಣುಮಗಳೊಬ್ಬರು ಹೇಳಿದ್ದರು. ಭೌತಶಾಸ್ತ್ರದ ಮೇಷ್ಟ್ರೂ ಇಷ್ಟು ಸರಿಯಾಗಿ ಹೇಳಲಾರರು. ಅವರು ಗಾಳಿ ಬಿಸಿ ಎನ್ನಲಿಲ್ಲ, ತಲೆಯ ಮೇಲೆ ಹಂಚು ಎಂದರು. ತಗಡಿನ ಮನೆಯ ತೊಂದರೆಯಲ್ಲಿ ದೊಡ್ಡ ಪಾಲು ನಿಜಕ್ಕೂ ಅದೇ.

ಬಿಸಿ ಬರುವ ದಾರಿ

ಬಿಸಿ ಮೂರು ದಾರಿಯಲ್ಲಿ ಸಾಗುತ್ತದೆ. ಒಂದು, ಮುಟ್ಟಿದ್ದರಿಂದ ಮುಟ್ಟಿದ್ದಕ್ಕೆ: ಪಾತ್ರೆಯಲ್ಲಿ ಬಿಟ್ಟ ಸೌಟಿನ ಹಿಡಿಕೆ ಕಾಯುವ ಹಾಗೆ. ಇದು ವಹನ. ಎರಡು, ಗಾಳಿಯೋ ನೀರೋ ಹೊತ್ತು ತರುವುದು: ಒಲೆಯ ಮೇಲಿನ ಬಿಸಿ ಗಾಳಿ ಬೆಳಕಿಂಡಿಗೆ ಏರುವ ಹಾಗೆ. ಇದು ಸಂವಹನ. ಮೂರನೆಯದಕ್ಕೆ ಯಾವ ಆಸರೆಯೂ ಬೇಡ. ಸೂರ್ಯನ ಬಿಸಿ ನಮಗೆ ಮುಟ್ಟುವಂತೆ, ಹಂಚಿನ ಬಿಸಿ ಕೈಗೆ ಮುಟ್ಟುವಂತೆ ನೇರವಾಗಿ ಹಾರಿ ಬರುತ್ತದೆ. ಇದು ವಿಕಿರಣ.

ಬಿಸಿ ಗಾಳಿ ಮೇಲಕ್ಕೆ ಏರುವುದೇ ಹೊರತು ತಾನಾಗಿ ಕೆಳಕ್ಕೆ ಇಳಿಯುವುದಿಲ್ಲ. ಕಾದ ಚಾವಣಿಯ ಕೆಳಗೆ ಕೂತವರಿಗೆ ಎರಡನೆಯ ದಾರಿಯಿಂದ ಬರುವುದು ಕಡಿಮೆ. ನಡುವೆ ಗಾಳಿಯಷ್ಟೇ ಇರುವಾಗ ಮೊದಲನೆಯ ದಾರಿಯೂ ಕಿರಿದು. ನಿಂತ ಗಾಳಿಯಷ್ಟು ಸೋಮಾರಿ ಉಷ್ಣವಾಹಕ ಮನೆಯಲ್ಲಿ ಇನ್ನೊಂದಿಲ್ಲ. ಹೀಗಾಗಿ ತಗಡಿನಿಂದ ತಲೆಗೆ ಬರುವುದರಲ್ಲಿ ಬಹುಪಾಲು ವಿಕಿರಣ.

ಲೆಕ್ಕ ಹಾಕಿ ನೋಡೋಣ. ಧಾರವಾಡ ಜಿಲ್ಲೆಯ ಬಯಲುಸೀಮೆಯಲ್ಲಿ ಏಪ್ರಿಲ್‌ನಲ್ಲಿ ಪಾದರಸ 38 ಡಿಗ್ರಿಗೆ ಏರುವುದು ಹೊಸದೇನಲ್ಲ. ಅಂಥ ದಿನ ತುಕ್ಕು ಬಣ್ಣಕ್ಕೆ ತಿರುಗಿದ ಹಳೆ ತಗಡು 65 ಡಿಗ್ರಿ ಮುಟ್ಟಿದೆ ಎಂದುಕೊಳ್ಳಿ. ಕೆಳಗಿನ ನೆಲ, ಹಾಸಿಗೆ, ಮನುಷ್ಯರು 35ರಲ್ಲಿದ್ದಾರೆ. ಆಗ ತಗಡಿನ ಪ್ರತಿ ಚದರ ಮೀಟರಿನಿಂದ ಕೆಳಗಿಳಿಯುವ ವಿಕಿರಣ ಸುಮಾರು 190 ವ್ಯಾಟ್. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಒಟ್ಟು 2,100 ವ್ಯಾಟ್. 1,000 ವ್ಯಾಟಿನ ಎರಡು ಕರೆಂಟ್ ಒಲೆ ತಲೆಕೆಳಗಾಗಿ ಚಾವಣಿಗೆ ತೂಗುಹಾಕಿ, ಅವುಗಳ ಕೆಳಗೆ ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಕೂಸನ್ನು ಮಲಗಿಸಿದಂತೆ.

ಶುದ್ಧ ಅಲ್ಯುಮಿನಿಯಂ ಹಾಳೆಯ ಹೊಳೆಯುವ ಮೈ ಇಂಥ ವಿಕಿರಣದ ನೂರರಲ್ಲಿ 95 ಪಾಲಿನಷ್ಟನ್ನು ಹಿಂದಕ್ಕೆ ದೂಡುತ್ತದೆ. ಹಿಂದಕ್ಕೆ ದೂಡುವ ಮೈ ತಾನೂ ಹೆಚ್ಚು ಬಿಸಿ ಉಗುಳುವುದಿಲ್ಲ, ಇದು ಪ್ರಕೃತಿಯ ನಿಯಮ. ತಗಡಿಗೂ ನೆಲಕ್ಕೂ ನಡುವೆ ಒಂದೇ ಒಂದು ಹೊಳೆಯುವ ಮೈ ಬಂದರೂ ಮೇಲಿನ ಲೆಕ್ಕದ 190 ವ್ಯಾಟ್ 11ಕ್ಕೆ ಇಳಿಯುತ್ತದೆ. ಇಡೀ ಕೋಣೆಗೆ 130ರ ಒಳಗೆ, ಅಂದರೆ ಹಳೆಯ ಕಾಲದ 60 ವ್ಯಾಟಿನ ಎರಡು ಬಲ್ಬಿನಷ್ಟು. ಇದು ಕಾಗದದ ಮೇಲಿನ ಲೆಕ್ಕ. ನಿಜದ ಮನೆಯಲ್ಲಿ ಹಾಳೆಯೂ ಒಂದಿಷ್ಟು ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಕಾಯುತ್ತದೆ, ಜೋಡಣೆಯ ಸಂದಿನಲ್ಲಿ ಬಿಸಿ ನುಸುಳುತ್ತದೆ. ಆದರೂ ತಲೆಯ ಮೇಲಿನ ಹಂಚು ಮಾತ್ರ ಇಳಿದುಹೋಗುತ್ತದೆ.

ಅದೇ ಅಲ್ಯುಮಿನಿಯಂ ವಹನದಲ್ಲಿ ಮನೆಮುರುಕ. ಕಾಂಕ್ರೀಟಿನ ಉಷ್ಣವಾಹಕತೆ 1.6ರ ಆಸುಪಾಸು, ಇಟ್ಟಿಗೆಯದು 0.8, ಚಾವಣಿಗೆ ಬಡಿದ ಮಣ್ಣಿನದು 0.5, ನಿಂತ ಗಾಳಿಯದು 0.026. ಅಲ್ಯುಮಿನಿಯಂನದು 200ಕ್ಕೂ ಮೇಲೆ! ಎರಡೂ ಕಡೆ ಏನಾದರೂ ಒತ್ತಿಕೊಂಡಿದ್ದರೆ ವಿಕಿರಣಕ್ಕೆ ಅಲ್ಲಿ ಜಾಗವೇ ಇಲ್ಲ, ಬಿಸಿ ಮುಟ್ಟಿ ಮುಟ್ಟಿ ದಾಟುತ್ತದೆ. ಆಗ ಹಾಳೆ ತಡೆಯುವುದು ಸೊನ್ನೆ. ಚಳಿಗೆ ಚಹಾ ಬಿಸಿಯಾಗಿಡುವ ಥರ್ಮಾಸ್ ಫ್ಲಾಸ್ಕಿನ ಮೂಲ ರೂಪವನ್ನು 1892ರಲ್ಲಿ ಮಾಡಿದ ಸ್ಕಾಟ್ಲೆಂಡಿನ ಜೇಮ್ಸ್ ದೇವಾರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಎರಡು ಗಾಜಿನ ಗೋಡೆಗೆ ಬೆಳ್ಳಿ ಲೇಪ ಕೊಟ್ಟು, ನಡುವಿನ ಜಾಗದಿಂದ ಗಾಳಿಯನ್ನೂ ತೆಗೆದು ಖಾಲಿ ಮಾಡಿದ. ಆ ಖಾಲಿ ಇಲ್ಲದಿದ್ದರೆ ಬೆಳ್ಳಿ ಬರೀ ಶೃಂಗಾರ.

ಯಾವ ಚಾವಣಿಗೆ ಎಷ್ಟು ಉಪಯೋಗ

ಮೊದಲು ಮೇಲ್ಮುದ್ದೆ ಇನ್ನೂ ಗಟ್ಟಿ ಇರುವವರಿಗೆ ಒಂದು ಮಾತು: ನಿಮಗೆ ಈ ಹಾಳೆ ಬೇಡ. ಮನೆಗಳ ಇಂಧನ ಉಳಿತಾಯಕ್ಕೆ ಕೇಂದ್ರ ಸರಕಾರ 2018ರಲ್ಲಿ ತಂದ ಎಕೊ ನಿವಾಸ್ ಸಂಹಿತೆಯ ಪ್ರಕಾರ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚಾವಣಿಯ ಒಂದು ಚದರ ಮೀಟರಿನಲ್ಲಿ ದಾಟುವ ಬಿಸಿ 1.2 ವ್ಯಾಟ್ ಮೀರಬಾರದು. ಬರೀ ತಗಡಿನ ಲೆಕ್ಕ ಹಾಕಿದರೆ ಅದರ ನಾಲ್ಕು ಪಟ್ಟು ಬರುತ್ತದೆ. ಬರೀ ಸ್ಲ್ಯಾಬಿನದು ಎರಡೂವರೆ ಪಟ್ಟಿಗೂ ಹೆಚ್ಚು. ಒಂದಡಿ ಮಣ್ಣು, ಒಂದಿಂಚು ಹಲಗೆಯ ಮೇಲ್ಮುದ್ದೆಯದು 1.1ರ ಆಸುಪಾಸು! ಅಜ್ಜ ಕಟ್ಟಿದ ಮಾಳಿಗೆ ದಿಲ್ಲಿಯ ನಿಯಮದಲ್ಲಿ ಪಾಸು. ಮೇಲಾಗಿ ಮಧ್ಯಾಹ್ನದ ಬಿಸಿಲು ಆ ಮಣ್ಣನ್ನು ದಾಟಿ ಒಳಗೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಸೋರುತ್ತದೆಂದು ಅದನ್ನು ಕಿತ್ತುಹಾಕುವ ಬದಲು, ಗೋಡೆಗೆ ಬಲವಿದ್ದರೆ, ಮೇಲೆ ಎರಡಡಿ ಎತ್ತರದಲ್ಲಿ ತಗಡಿನ ನೆರಳು ಮಾಡಿಸಿಕೊಂಡವರು ಜಾಣರು. ತಗಡು ಮಳೆ ತಡೆಯುತ್ತದೆ, ಮಣ್ಣು ಬಿಸಿ ತಡೆಯುತ್ತದೆ, ನಡುವೆ ಗಾಳಿ ಆಡುತ್ತದೆ.

ಹಾಳೆಗೆ ಹೇಳಿ ಮಾಡಿಸಿದ ಜಾಗ ಬರೀ ತಗಡಿನ ಮಾಡು. ಮನೆ, ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ದನದ ಕೊಟ್ಟಿಗೆ, ಹೊಲದ ಶೆಡ್, ಯಾವುದಾದರೂ ಸರಿ. ಕೊಟ್ಟಿಗೆಯಲ್ಲಿ ಒಂದು ಎಚ್ಚರ ಬೇಕು. ಗಂಜಲದಿಂದ ಏಳುವ ಅಮೋನಿಯ ಹಾಳೆಯ ಮೈಯನ್ನು ಮಂಕು ಮಾಡುತ್ತದೆ. ಮಾಡು ಎತ್ತರ ಇರಬೇಕು, ಗಾಳಿ ಆಡಬೇಕು.

ಕಲಘಟಗಿ ಕಡೆಯ ಹಂಚಿನ ಮನೆಗೆ ಹಾಳೆಯಿಂದ ಎರಡು ಲಾಭ. ಹಂಚಿನ ಕೆಳಗೆ ನೇಯ್ದ ಪ್ಲಾಸ್ಟಿಕ್ಕಿಗೆ ಅಂಟಿಸಿದ ಗಟ್ಟಿ ಹಾಳೆಯನ್ನು ರೀಪಿಗಿಂತ ಕೆಳಗೆ ಹಾಸಿದರೆ ಬೇಸಿಗೆಯ ಬಿಸಿ ತಡೆಯುತ್ತದೆ. ಜೊತೆಗೆ ಆಷಾಢದ ಬಿರುಗಾಳಿಗೆ ಹಂಚಿನ ಸಂದಿನಲ್ಲಿ ನುಗ್ಗುವ ಎರಚಲು ಅದರ ಮೇಲೆ ಜಾರಿ ಸೂರಿನಂಚಿಗೆ ಹೋಗುತ್ತದೆ. ಆದರೆ ಹಾಳೆ ಹಂಚಿಗೆ ಅಂಟಿಕೊಂಡಿರಬಾರದು. ಹಂಚು ಒಣಗಲು ಗಾಳಿ ಬೇಕು, ಇಲ್ಲವಾದರೆ ರೀಪು ಕೊಳೆಯುತ್ತದೆ.

ಸ್ಲ್ಯಾಬ್ ಮನೆಯವರು ಹಾಳೆಗೆ ದುಡ್ಡು ಹಾಕುವ ಮೊದಲು ತಾರಸಿಗೆ ಸುಣ್ಣ ಬಳಿಯಲಿ. ಅದರ ಮಾತು ಮುಂದೆ ಬರುತ್ತದೆ. ಸುಣ್ಣದ ನಂತರವೂ ಬೇಕೆನ್ನಿಸಿದರೆ, ಸ್ಲ್ಯಾಬಿನ ಕೆಳಗೆ ಜಿಪ್ಸಮ್ ಸೀಲಿಂಗ್ ಮಾಡಿಸುವಾಗ ಅದರ ಮೇಲ್ಗಡೆ ಹಾಳೆ ಹಾಸಬಹುದು, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು. ‘ಪ್ಲಾಸ್ಟರ್ ಒಳಗನ ಹಾಕಿ ಮುಚ್ಚಿಬಿಡೂಣ್ರಿ ಸರ, ಗಟ್ಟಿ ಕುಂದರತೈತಿ,’ ಎನ್ನುವ ಗೌಂಡಿ ಸಿಗುತ್ತಾರೆ. ಕೈಮುಗಿದು ಬೇಡ ಎನ್ನಿ. ಅಲ್ಲಿ ಖಾಲಿ ಜಾಗವಿಲ್ಲ ಎನ್ನುವುದು ಒಂದು. ಹಸಿ ಸಿಮೆಂಟಿನ ಕ್ಷಾರ ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತದೆ ಎನ್ನುವುದು ಇನ್ನೊಂದು. ಗೋಡೆಯ ಇಟ್ಟಿಗೆ ಸಾಲಿನೊಳಗೆ, ನೆಲದ ಫರಸಿ ಕೆಳಗೆ ಹಾಳೆ ಹಾಕುವುದೂ ಇದೇ ಜಾತಿಯ ಖರ್ಚು. ಪಡುವಣ ಗೋಡೆ ಕಾಯುತ್ತಿದ್ದರೆ ಹೊರಗೆ ಒಂದು ಹಂದರ ಹಾಕಿ ಹೀರೆ ಬಳ್ಳಿ ಹಬ್ಬಿಸಿ. ಹೀರೆಕಾಯಿಯೂ ಸಿಗುತ್ತದೆ.

ಕೊಳ್ಳುವಾಗ

ಹುಬ್ಬಳ್ಳಿಯ ಅಂಗಡಿಗಳಲ್ಲಿ ಬೆಳ್ಳಗೆ ಹೊಳೆಯುವುದೆಲ್ಲ ಒಂದೇ ಸಾಲಿನಲ್ಲಿ ಜೋತಾಡುತ್ತಿರುತ್ತದೆ. ಬೆಳ್ಳಿ ಬಣ್ಣದ ತಾಡಪತ್ರಿ, ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ಕಿಗೆ ಅಂಟಿಸಿದ ಹಾಳೆ, ಬಿಳಿ ಫೋಮಿಗೆ ಅಂಟಿಸಿದ ಹಾಳೆ, ನೇಯ್ದ ಚೀಲದಂಥದ್ದಕ್ಕೆ ಅಂಟಿಸಿದ ಹಾಳೆ. ಇವುಗಳಲ್ಲಿ ತಾಡಪತ್ರಿಯನ್ನು ಬಿಟ್ಟುಬಿಡಿ. ಅದು ಲೋಹದ ಹಾಳೆಯಲ್ಲ, ಪ್ಲಾಸ್ಟಿಕ್ಕಿನಲ್ಲಿ ಬೆಳ್ಳಿ ಬಣ್ಣದ ಪುಡಿ ಕಲಸಿದ್ದು. ಕಣ್ಣಿಗೆ ಹೊಳೆದರೂ ಬಿಸಿಯ ಮಟ್ಟಿಗೆ ಅದು ಬಹಳಷ್ಟು ಪ್ಲಾಸ್ಟಿಕ್ಕೇ. ಚಿಪ್ಸ್ ಪ್ಯಾಕೆಟ್ಟಿನಂತೆ ಲೋಹದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಪದರ ದಪ್ಪಗಿದ್ದರೆ ಅಲ್ಲೂ ಇದೇ ಕಥೆ. ನಮ್ಮ ಕಣ್ಣಿಗೆ ಕಾಣದ ಆ ಪದರ ವಿಕಿರಣಕ್ಕೆ ಗೋಡೆಯಂತೆ ಕಾಣುತ್ತದೆ, ಬಿಸಿಯನ್ನು ತಾನೇ ನುಂಗಿ ತಾನೇ ಉಗುಳುತ್ತದೆ.

ಪರೀಕ್ಷೆಗೆ ಯಂತ್ರ ಬೇಡ. ಹಾಳೆಯನ್ನು ಕೆನ್ನೆಯ ಹತ್ತಿರ, ತಾಗದಂತೆ ಒಂದಿಂಚು ದೂರದಲ್ಲಿ ಹಿಡಿಯಿರಿ. ಒಳ್ಳೆಯ ಹಾಳೆಯಾದರೆ ಎರಡು ಮೂರು ಉಸಿರಿನಲ್ಲಿ ಕೆನ್ನೆ ಬೆಚ್ಚಗಾಗುತ್ತದೆ. ಅದು ನಿಮ್ಮ ಮುಖದ ಬಿಸಿಯೇ, ಮರಳಿ ಬಂದದ್ದು. ತಾಡಪತ್ರಿಯನ್ನೂ ಹಾಗೆ ಹಿಡಿದು ಹೋಲಿಸಿ ನೋಡಿ. ಅಂಗಡಿಯವರು ನಗಬಹುದು, ನಗಲಿ.

‘97 ಪರ್ಸೆಂಟ್ ಹೀಟ್ ಕಟ್ ಸರ್’ ಎಂಬ ಮಾತು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅದು ಹಾಳೆಯ ಮೈ ಹಿಂದಿರುಗಿಸುವ ವಿಕಿರಣದ ಲೆಕ್ಕ. ಕೋಣೆಗೆ ಗೋಡೆಯಿಂದ, ಕಿಟಕಿಯಿಂದ, ಬಾಗಿಲಿನಿಂದ, ಒಲೆಯಿಂದ ಬರುವ ಬಿಸಿಯ ಜೊತೆ ಅದಕ್ಕೆ ಸಂಬಂಧವಿಲ್ಲ. ಹಾಳೆ ದಪ್ಪ ಇದ್ದಷ್ಟೂ ತಂಪು ಎಂಬುದೂ ತಪ್ಪು. ದಪ್ಪ ಬೇಕಾದದ್ದು ಹರಿಯದಿರಲು ಮಾತ್ರ. ಬಿಸಿ ತಡೆಯುವುದು ಹೊರಮೈ. ಗುಳ್ಳೆಯ ಪದರ ಒಂದಿಷ್ಟು ವಹನ ತಡೆಯುತ್ತದೆ ನಿಜ, ಆದರೆ ಅದು ಖಾಲಿ ಜಾಗದ ಬದಲಿ ಅಲ್ಲ. ಗುಳ್ಳೆಯೊಳಗಿನ ಗಾಳಿ ಹಾಳೆಯ ಹಿಂಬದಿಗೆ ಇರುವುದು, ಹೊಳೆಯುವ ಮೈ ನೋಡಬೇಕಾದ ಖಾಲಿ ಬೇರೆ. ಎರಡೂ ಕಡೆ ಹೊಳಪಿರುವುದು ಸಿಕ್ಕರೆ ಒಳ್ಳೆಯದು, ಒಂದೇ ಕಡೆಯಾದರೂ ನಡೆಯುತ್ತದೆ.

ಹತ್ತು ಅಡಿಗೆ ಹನ್ನೆರಡರ ಕೋಣೆಗೆ 120 ಚದರ ಅಡಿ, ಒಂದರ ಮೇಲೊಂದು ಬರುವ ಅಂಚು ಮತ್ತು ಮಾಡಿನ ಇಳಿಜಾರಿಗೆ ಹತ್ತು ಹದಿನೈದು ಚದರ ಅಡಿ ಹೆಚ್ಚಿಗೆ ತನ್ನಿ. ಜೊತೆಗೆ ಅಲ್ಯುಮಿನಿಯಂ ಟೇಪು.

ಹಚ್ಚುವ ಬಗೆ

ಹೊಸದಾಗಿ ತಗಡು ಹೊದಿಸುವವರಿಗೆ ಕೆಲಸ ಸುಲಭ. ಅಡ್ಡಪೈಪುಗಳ ಮೇಲೆ ಮೊದಲು ಹಾಳೆ ಹಾಸಿ, ಹಾಳೆಯ ಮೇಲೆ ಪೈಪಿನ ಗುಂಟ ಒಂದಿಂಚಿನ ಕಟ್ಟಿಗೆ ಪಟ್ಟಿ ಇಟ್ಟು, ಅದರ ಮೇಲೆ ತಗಡು ಕೂರಿಸಬೇಕು. ಪಟ್ಟಿ ಇಲ್ಲದೆ ತಗಡನ್ನೇ ಹಾಳೆಯ ಮೇಲೆ ಒತ್ತಿದರೆ ತಗಡಿನ ಅಲೆಗಳ ತಗ್ಗೆಲ್ಲ ಹಾಳೆಗೆ ತಾಗುತ್ತದೆ. ಆಗಲೂ ಕೆಳಮೈ ಕೋಣೆಯ ಕಡೆಗೆ ತೆರೆದಿದ್ದರೆ ಉಪಯೋಗ ಇದೆ. ಹೊಳೆಯುವ ಕೆಳಮೈ ಎಷ್ಟೇ ಕಾದರೂ ಕೆಳಕ್ಕೆ ಹೆಚ್ಚು ಬಿಸಿ ಉಗುಳುವುದಿಲ್ಲ. ನಾನು ಪ್ಲೈವುಡ್ ಒತ್ತಿ ಕಳೆದುಕೊಂಡದ್ದು ಆ ಕೆಳಮೈಯನ್ನೇ.

ಈಗಾಗಲೇ ಇರುವ ಮಾಡಿಗಾದರೆ ಕೆಳಗಿನಿಂದ ಕೆಲಸ. ಅಡ್ಡಪೈಪುಗಳ ಕೆಳಗೆ ಒಂದೂವರೆ ಅಡಿಗೊಂದರಂತೆ ಜಿಐ ತಂತಿ ಎಳೆದು ಬಿಗಿದುಕೊಳ್ಳಿ. ಹಾಳೆಯನ್ನು ತಂತಿಯ ಮೇಲೆ ತೂರಿಸಿ ಹಾಸುತ್ತ ಹೋಗಿ. ಪೈಪಿನ ದಪ್ಪವೇ ನಿಮಗೆ ಬೇಕಾದ ಖಾಲಿ ಜಾಗ ಕೊಡುತ್ತದೆ: ಒಂದಿಂಚಿಗಿಂತ ಕಡಿಮೆ ಬೇಡ, ಎರಡು ಮೂರು ಇಂಚು ಇದ್ದರೆ ಚೆನ್ನ. ಹಾಳೆಯ ಅಂಚು ಒಂದರ ಮೇಲೊಂದು ಎರಡು ಬೆರಳು ಬರಲಿ, ಟೇಪು ಒತ್ತಿ.

ಹೊಳೆಯುವ ಮೈ ಒಂದೇ ಇದ್ದರೆ ಅದನ್ನು ಮೇಲಕ್ಕೆ ಮಾಡಬೇಕೋ ಕೆಳಕ್ಕೋ? ಲೆಕ್ಕದ ಪ್ರಕಾರ ಎರಡೂ ಒಂದೇ. ಆದರೆ ಲೆಕ್ಕ ಬರೆದವರಿಗೆ ನವಲಗುಂದದ ದೂಳು ಗೊತ್ತಿರಲಿಕ್ಕಿಲ್ಲ. ಎರಿ ಹೊಲದ ಮೇಲಿಂದ ಬೀಸುವ ಗಾಳಿಗೆ ಒಂದೇ ಬೇಸಿಗೆಯಲ್ಲಿ ಮೇಲ್ಮೈ ಮೇಲೆ ಕರಿ ಪದರ ಕೂರುತ್ತದೆ. ದೂಳು ಕೂತ ಹಾಳೆ ಹಾಳೆಯಲ್ಲ, ದೂಳು. ಕೆಳಮೈಗೆ ದೂಳು ನಿಲ್ಲುವುದಿಲ್ಲ. ಆದ್ದರಿಂದ ಹೊಳಪು ಕೆಳಕ್ಕೆ. ಅಡಿಗೆಮನೆಯಲ್ಲಿ ಕಟ್ಟಿಗೆ ಒಲೆ ಉರಿಯುತ್ತಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ಅಲ್ಲಿ ಕೆಳಗಿನಿಂದ ಮಸಿ. ಅಲ್ಲಿ ಹಾಳೆಯನ್ನೇ ಹಚ್ಚದಿರುವುದು ಲೇಸು. ಗುಳ್ಳೆಯ ಪ್ಲಾಸ್ಟಿಕ್ ಕಿಡಿ ಕಂಡರೆ ಹೊತ್ತಿ ಉರಿದು ತೊಟ್ಟಿಕ್ಕುತ್ತದೆ.

ಸೂರಿನ ಕಡೆ ಮತ್ತು ಮಾಡಿನ ನೆತ್ತಿಯಲ್ಲಿ ಎರಡು ಮೂರು ಇಂಚು ಬಿಟ್ಟು ನಿಲ್ಲಿಸಿ. ತಗಡಿಗೂ ಹಾಳೆಗೂ ನಡುವೆ ಕಾದ ಗಾಳಿ ನೆತ್ತಿಯಿಂದ ಹೊರಬಿದ್ದು ಸೂರಿನಿಂದ ಹೊಸ ಗಾಳಿ ಎಳೆದುಕೊಳ್ಳಬೇಕು. ಅದೇ ಸಂದಿನಲ್ಲಿ ಗುಬ್ಬಿ, ಅಳಿಲು, ಇಲಿ ಒಳಗೆ ಹೋಗುತ್ತವೆ. ಗುಳ್ಳೆಯ ಹಾಳೆ ಇಲಿಗೆ ಹಾಸಿಗೆ. ಸಂದಿಗೆ ಸಣ್ಣ ಕಣ್ಣಿನ ಜಾಳಿಗೆ ಬಡಿಯಿರಿ.

ಇನ್ನೊಂದು ಲಾಭ ಮಳೆಗಾಲ ಮುಗಿದ ಮೇಲೆ ಕಾಣುತ್ತದೆ. ಚಳಿಗಾಲದ ಬೆಳಗಿನ ಜಾವ ತಗಡು ಬೆವರಿ ಹಾಸಿಗೆಯ ಮೇಲೆ ಹನಿ ಬೀಳುವುದುಂಟಲ್ಲ. ಒಳಗಿನ ಉಸಿರಿನ ತೇವ ತಣ್ಣನೆಯ ತಗಡಿಗೆ ತಾಗಿ ನೀರಾಗುವುದು ಅದು. ಹಾಳೆ ಆ ತೇವವನ್ನು ತಗಡಿಗೆ ಮುಟ್ಟಗೊಡುವುದಿಲ್ಲ. ಟೇಪು ಬಿಟ್ಟ ಕಡೆ ಮಾತ್ರ ತೇವ ನುಸುಳಿ ಹಾಳೆಯ ಮೇಲೆ ನೀರು ನಿಲ್ಲುತ್ತದೆ, ಹಾಳೆ ಹೊಟ್ಟೆಬಿಟ್ಟು ಜೋಲುತ್ತದೆ.

ಕರೆಂಟು

ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಅಲ್ಯುಮಿನಿಯಂ ಹಾಳೆ ಕರೆಂಟು ಹರಿಸುತ್ತದೆ. ಆಸ್ಟ್ರೇಲಿಯಾದಲ್ಲಿ 2009ರಲ್ಲಿ ಮನೆಗಳ ಚಾವಣಿಗೆ ಉಷ್ಣನಿರೋಧಕ ಹಾಕುವ ಸರಕಾರಿ ಯೋಜನೆ ಶುರುವಾಯಿತು. ತರಬೇತಿ ಇಲ್ಲದ ಹುಡುಗರು ಅಟ್ಟ ಹತ್ತಿದರು. ಕೆಲವೇ ತಿಂಗಳಲ್ಲಿ ನಾಲ್ವರು ಯುವ ಕೆಲಸಗಾರರು ಸತ್ತರು, ಮೂವರು ಕರೆಂಟಿಗೆ, ಒಬ್ಬ ಬಿಸಿಲ ಹೊಡೆತಕ್ಕೆ. ಹಾಳೆಯನ್ನು ಲೋಹದ ಪಿನ್ನಿನಿಂದ ಬಡಿಯುವಾಗ ಪಿನ್ನು ವೈರಿಗೆ ಚುಚ್ಚಿ ಇಡೀ ಹಾಳೆಗೆ ಕರೆಂಟು ಹರಿದದ್ದು ಆ ಸಾವುಗಳ ಪೈಕಿ ಇತ್ತು. 2010ರ ಫೆಬ್ರುವರಿಯಲ್ಲಿ ಆ ಸರಕಾರ ಯೋಜನೆಯಲ್ಲಿ ಹಾಳೆಯ ಬಳಕೆಯನ್ನೇ ನಿಲ್ಲಿಸಿತು.

ನಮ್ಮ ತಗಡಿನ ಮನೆಗಳಲ್ಲಿ ವೈರು ಪೈಪಿನ ಮೇಲೆ ಹಾವಿನಂತೆ ಹರಿದಿರುತ್ತದೆ, ಜೋಡಿಸಿದ ಕಡೆ ಟೇಪು ಬಿಚ್ಚಿಕೊಂಡಿರುತ್ತದೆ. ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಜ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ವೈರುಗಳನ್ನೆಲ್ಲ ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿಸಿ, ಹಾಳೆಗೆ ತಾಗದಂತೆ ಕೆಳಗೆ ಇಳಿಸಿ. ಫ್ಯಾನಿನ ಕೊಕ್ಕೆ, ಬಲ್ಬಿನ ಹೋಲ್ಡರ್ ಇರುವಲ್ಲಿ ಹಾಳೆಯನ್ನು ಒಂದು ಗೇಣು ಸುತ್ತ ಕತ್ತರಿಸಿ. ಪಿನ್ನು ಬಡಿಯುವ ಬದಲು ಕಟ್ಟಿಗೆ ಪಟ್ಟಿ ಅಥವಾ ಪ್ಲಾಸ್ಟಿಕ್ ಟೈ ಬಳಸಿ. ಅರ್ಥಿಂಗ್ ಇದೆಯೇ ಎಂದು ವೈರಿಂಗ್‌ನವರಿಂದ ನೋಡಿಸಿ. ಇಷ್ಟು ಮಾಡಲಾಗದಿದ್ದರೆ ಹಾಳೆಯ ಆಸೆಯನ್ನೇ ಬಿಡಿ. ಸೆಕೆಯನ್ನಾದರೂ ತಾಳಿಕೊಳ್ಳಬಹುದು, ಕರೆಂಟನ್ನಲ್ಲ.

ಮೊಬೈಲ್ ಸಿಗ್ನಲ್ ಒಂದಿಷ್ಟು ಕುಗ್ಗುತ್ತದೆ ಎಂಬುದೂ ನಿಜ. ಆದರೆ ತಗಡಿನ ಕೆಳಗೆ ಮೊದಲೇ ಸಿಗ್ನಲ್ ಹುಡುಕಿ ಕಟ್ಟೆಗೆ ಬಂದು ಕೂರುವವರಿಗೆ ಅದು ದೊಡ್ಡ ನಷ್ಟವಲ್ಲ.

ಹೊರಗೆ ಬಿಳುಪು, ಒಳಗೆ ಹೊಳಪು

ಹಾಳೆಯನ್ನು ತಗಡಿನ ಮೇಲೆಯೇ ಹೊದಿಸಿದರೆ ಬಿಸಿಲೇ ಹಿಂದಕ್ಕೆ ಹೋಗುವುದಲ್ಲ ಎಂದು ಕೇಳುವವರಿದ್ದಾರೆ. ಮೊದಲ ತಿಂಗಳು ಹೋಗುತ್ತದೆ. ಆಮೇಲೆ ದೂಳು ಕೂತು, ಮಳೆಗೆ ಮೈ ಮಂಕಾಗಿ, ಗಾಳಿಗೆ ಹರಿದು ಹೋಗುತ್ತದೆ. ಇನ್ನೂ ಒಂದು ಸೂಕ್ಷ್ಮ ಇದೆ. ಹೊಳೆಯುವ ಲೋಹ ಒಂದಿಷ್ಟು ಬಿಸಿಲು ಹೀರಿಕೊಂಡರೆ ಅದನ್ನು ಸುಲಭವಾಗಿ ಆಕಾಶಕ್ಕೆ ಉಗುಳುವುದಿಲ್ಲ. ಬಿಸಿಲಲ್ಲಿ ನಿಂತ ಬೈಕಿನ ಹೊಳೆಯುವ ಸೈಲೆನ್ಸರನ್ನು ಇಂಜಿನ್ ಹಚ್ಚದಿದ್ದರೂ ಮುಟ್ಟಿ ನೋಡಿ. ಬಿಳಿ ಸುಣ್ಣದ ಗುಣ ಬೇರೆ. ಅದು ಬಿಸಿಲನ್ನೂ ತಿರುಗಿಸುತ್ತದೆ, ಹೀರಿದ ಅಲ್ಪಸ್ವಲ್ಪವನ್ನೂ ಉಗುಳುತ್ತದೆ. ಕಣ್ಣಿಗೆ ಮಿರಿಮಿರಿ ಎನ್ನದ ಸುಣ್ಣ ಹೊರಗಿನ ಕೆಲಸದಲ್ಲಿ ಹಾಳೆಯನ್ನು ಸೋಲಿಸುತ್ತದೆ.

ಅಹಮದಾಬಾದ್ ಮಹಾನಗರ ಪಾಲಿಕೆ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ತಂದ ಮೇಲೆ ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಯುವ ಕೆಲಸವನ್ನೂ ಕೈಗೆತ್ತಿಕೊಂಡಿತು. ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿತು. ನಮಗೆ ನೀತಿ ಬರುವವರೆಗೆ ಕಾಯುವ ಅಗತ್ಯವಿಲ್ಲ. ಯುಗಾದಿಗೆ ಗೋಡೆಗೆ ಬಳಿಯುವ ಸುಣ್ಣದಲ್ಲಿ ಒಂದು ಬಕೆಟ್ಟು ಮಾಳಿಗೆಗೂ ಏರಲಿ. ಸ್ಲ್ಯಾಬಿಗೆ ಸುಣ್ಣ ಚೆನ್ನಾಗಿ ಹಿಡಿಯುತ್ತದೆ. ತಗಡಿಗೆ ಬರೀ ಸುಣ್ಣ ಒಂದು ಮಳೆಗೆ ತೊಳೆದುಹೋಗುತ್ತದೆ, ಅಲ್ಲಿ ಚಾವಣಿಗೆಂದೇ ಬರುವ ಬಿಳಿ ಬಣ್ಣ ವಾಸಿ. ನಾಲ್ಕು ಕಾಸು ಮಾತ್ರ ಇದ್ದರೆ ಬಿಳಿ ಬಣ್ಣಕ್ಕೆ ಹಾಕಿ. ಎಂಟು ಕಾಸಿದ್ದರೆ ಕೆಳಗೆ ಹಾಳೆಯೂ ಬರಲಿ. ಏನೂ ಇಲ್ಲದಿದ್ದರೆ ತಗಡಿನ ಮೇಲೆ ಕಣಕಿ ಹರಡುವ ಹಳೆಯ ಉಪಾಯ ಇದೆ. ಅದೂ ಒಳ್ಳೆಯ ನೆರಳೇ, ಆದರೆ ಬೀಡಿಯ ಒಂದು ಕಿಡಿ ಸಾಕು, ದನದ ಮೇವಿನ ಜೊತೆ ಮನೆಯೂ ಹೋಗುತ್ತದೆ.

ಹಾಳೆಯಿಂದ ಒಂದು ಸಣ್ಣ ನಷ್ಟ ರಾತ್ರಿಗೆ ಇದೆ, ಅದನ್ನು ಮುಚ್ಚಿಡಬಾರದು. ಬರೀ ತಗಡಿನ ಮನೆಗೆ ಇರುವ ಒಂದೇ ಸದ್ಗುಣ ಎಂದರೆ ಹೊತ್ತು ಮುಳುಗಿದೊಡನೆ ತಗಡು ಆರುತ್ತದೆ, ಒಳಗಿನ ಬಿಸಿಯೂ ಅದರ ಕಡೆಗೆ ಹಾರಿ ಹೊರಹೋಗುತ್ತದೆ. ಹಾಳೆ ಆ ದಾರಿಯನ್ನೂ ಅಷ್ಟಿಷ್ಟು ಮುಚ್ಚುತ್ತದೆ. ಸಂಜೆ ಎದುರುಬದುರು ಕಿಟಕಿ ತೆರೆದಿಟ್ಟು ಗಾಳಿ ಆಡಲು ಬಿಟ್ಟರೆ ಆ ನಷ್ಟ ತುಂಬಿಹೋಗುತ್ತದೆ. ಕಿಟಕಿಯೇ ಇಲ್ಲದ ಕೋಣೆಯಾದರೆ ಹಾಳೆಗಿಂತ ಮೊದಲು ಗೋಡೆ ಒಡೆಸಿ ಕಿಟಕಿ ಇಡಿಸಿ.

ಕೆಲಸವನ್ನು ಹೋಳಿ ಹುಣ್ಣಿಮೆಯೊಳಗೆ ಮುಗಿಸಿ, ಅದೂ ಬೆಳಿಗ್ಗೆ ಒಂಬತ್ತರ ಒಳಗೆ. ಆಮೇಲೆ ತಗಡಿನ ಕೆಳಗೆ ಏಣಿ ಹತ್ತಿದವರ ತಲೆ ಸುತ್ತುತ್ತದೆ. ಮುಗಿದ ಮಾರನೆಯ ದಿನ ಮಧ್ಯಾಹ್ನ ಮೂರಕ್ಕೆ, ತಗಡು ಚೆನ್ನಾಗಿ ಕಾದಿರುವಾಗ, ಸ್ಟೂಲಿನ ಮೇಲೆ ನಿಂತು ಅಂಗೈಯನ್ನು ಮೇಲಕ್ಕೆ ಮಾಡಿ ಹಾಳೆಯ ಕೆಳಗೆ ಚೋಟುದ್ದ ದೂರದಲ್ಲಿ ಇಡೀ ಕೋಣೆ ಸವರಿಕೊಂಡು ಬನ್ನಿ. ಹಾಳೆ ಸರಿಯಾಗಿ ಕೂತ ಕಡೆ ಕೈಗೆ ಏನೂ ಅನ್ನಿಸುವುದಿಲ್ಲ. ಎಲ್ಲೋ ಒಂದು ಕಡೆ ಬಳೆಯಗಲದಷ್ಟು ಜಾಗದಲ್ಲಿ ಹಂಚಿನ ಮುಂದೆ ಹಿಡಿದಂತೆ ಚುರುಕ್ ಎನ್ನುತ್ತದೆ. ಅಲ್ಲಿ ಟೇಪು ಬಿಟ್ಟಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು, ಮರುದಿನ ಬೆಳಿಗ್ಗೆ ಮತ್ತೆ ಏಣಿ ಹತ್ತಿ.